ಕರೆಂಟ್ ಡಬ್ಬಿ ಮತ್ತು ರೊಟ್ಟಿ ಬಡಿಯುವ ರಟ್ಟೆ

ಅಂಗಡಿಯಲ್ಲಿ ಕುಳಿತವನಿಗೆ ನಗೆಯನ್ನು ಹುಡುಕಿಕೊಂಡು ಹೋಗುವ ಖರ್ಚಿಲ್ಲ. ಅದೇ ನೋವು ಹೊತ್ತುಕೊಂಡು, ಬಸ್ಸಿಳಿದು, ವಿಳಾಸ ಕೇಳಿಕೊಂಡು ಬರುತ್ತದೆ.

ಕೊಪ್ಪಳದ ಬಸ್ ನಿಲ್ದಾಣದ ಸಮೀಪ ರಸ್ತೆಗೆ ಮುಖ ಮಾಡಿ ನನ್ನದೊಂದು ಅಂಗಡಿ ಇದೆ. ಮೊಣಕಾಲಿನ ಪಟ್ಟಿ, ಟೊಂಕದ ಬೆಲ್ಟು, ಊರುಗೋಲು, ವಾಕರ್, ಬಿಸಿನೀರಿನ ಚೀಲ, ಬಿಪಿ ನೋಡುವ ಮಷಿನ್, ಒಟ್ಟಿನಲ್ಲಿ ಮನುಷ್ಯ ಸವೆದ ಕಡೆ ಆನಿಸಿ ನಿಲ್ಲಿಸುವ ಸಾಮಾನೆಲ್ಲ ನನ್ನಲ್ಲಿ ಸಿಗುತ್ತದೆ. ಮೊದಲು ಇದೇ ಜಾಗದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತಿದ್ದೆ. ಎರಡು ವ್ಯಾಪಾರಕ್ಕೂ ದೊಡ್ಡ ಫರಕೇನಿಲ್ಲ. ವಾಷರ್ ಸವೆದಾಗ ಗಿರಾಕಿ ಬರುತ್ತಾನೆ.

ಕೆಲವು ವರ್ಷಗಳಿಂದ ಹೊಸದೊಂದು ಮಾಲು ಸೇರಿದೆ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದ ಹೆಸರಿದೆ, ನಮ್ಮ ಜನ ಕರೆಂಟ್ ಡಬ್ಬಿ ಅನ್ನುತ್ತಾರೆ. ಅಂಗೈಯಗಲದ ಡಬ್ಬಿ, ಅದರಿಂದ ಹೊರಟ ತಂತಿಗಳು, ತಂತಿಯ ತುದಿಗೆ ಅಂಟಿರುವ ಮೆತ್ತನೆಯ ಪ್ಯಾಡುಗಳು. ನೋವಿರುವ ಕಡೆ ಪ್ಯಾಡ್ ಅಂಟಿಸಿ ಗುಂಡಿ ತಿರುಗಿಸಿದರೆ ಸಣ್ಣ ಕರೆಂಟು ಚರ್ಮದೊಳಗಿಂದ ಹಾದು ನರವನ್ನು ತಟ್ಟಿ ಜುಮುಜುಮು ಅನ್ನಿಸುತ್ತದೆ. ಮನೆ ಮುಂದೆ ಬ್ಯಾಂಡ್ ಬಾರಿಸುವವರು ಬಂದು ನಿಂತಾಗ ಒಳಗಿನಿಂದ ಹೆಂಡತಿ ಕೂಗಿದ್ದು ಕೇಳಿಸುವುದಿಲ್ಲವಲ್ಲ, ಹಾಗೆಯೇ ಈ ಜುಮುಜುಮಿನ ಗದ್ದಲದಲ್ಲಿ ನೋವಿನ ಕೂಗು ತಲೆಯವರೆಗೆ ಹೋಗುವುದಿಲ್ಲ. ಬ್ಯಾಂಡಿನವರು ಹೋದ ಮೇಲೆ ಹೆಂಡತಿ ಇದ್ದೇ ಇರುತ್ತಾಳೆ, ಆ ಮಾತು ಬೇರೆ. ಇಷ್ಟೆಲ್ಲ ಮಾಡುವುದು ಟಿವಿ ರಿಮೋಟಿಗೆ ಹಾಕುತ್ತೇವಲ್ಲ, ಅದೇ ಎರಡು ಸಣ್ಣ ಸೆಲ್ಲು.

ನನ್ನ ಅಂಗಡಿಗೆ ಎರಡು ನೇಮ. ಡಾಕ್ಟರ ಚೀಟಿ ಇಲ್ಲದೆ ಡಬ್ಬಿ ಕೊಡುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಮಷಿನ್ ಇಟ್ಟುಕೊಂಡವರು, ಬಸುರಿಯರು ಸುಮ್ಮನೆ ಅಂಟಿಸಿಕೊಂಡರೆ ಬಾಧೆ ನನ್ನ ತಲೆಗೆ ಬರುತ್ತದೆ. ಎರಡನೆಯದು, ನೋವಿದ್ದವರೇ ಬಂದು ಬೆಂಚಿನ ಮೇಲೆ ಕುಳಿತು ಒಮ್ಮೆ ಹಚ್ಚಿಸಿಕೊಂಡು ನೋಡಬೇಕು. ಒಯ್ದ ಮಾಲು ತಿರುಗಿ ಬರಬಾರದು ಅಂತ ಈ ನೇಮ ಮಾಡಿದೆ. ಮಾಲು ತಿರುಗಿ ಬರಲಿಲ್ಲ. ಬೇರೆ ಏನೇನೋ ಬಂತು.

ಅರ್ಧ ಚೀಟಿ

ಕುಕನೂರಿನಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳೊಬ್ಬಳಿದ್ದಾಳೆ. ಎಲ್ಲರೂ ರೊಟ್ಟಿ ಅಕ್ಕ ಅನ್ನುತ್ತಾರೆ. ಕುಕನೂರು, ಯಲಬುರ್ಗಾದ ಖಾನಾವಳಿಗಳಿಗೆ ಅವಳದೇ ಜೋಳದ ರೊಟ್ಟಿ. ಮುಂಜಾನೆ ಬಸ್ಸಿನ ಡ್ರೈವರ್ ಕೈಯಲ್ಲಿ ನನಗೂ ಒಂದು ಗಂಟು ಬರುತ್ತದೆ. ಮಧ್ಯಾಹ್ನದ ನನ್ನ ಊಟ ಅದೇ. ತೆಳ್ಳಗೆ, ದುಂಡಗೆ, ಅಂಚು ಒಡೆಯದ ರೊಟ್ಟಿ. ಹೊಗಳುವುದು ನನ್ನ ಸ್ವಭಾವವಲ್ಲ, ಆದರೆ ಆ ರೊಟ್ಟಿ ತಿಂದು ಬೇರೆಯದಕ್ಕೆ ಬಾಯಿ ಒಗ್ಗುವುದಿಲ್ಲ.

ಒಂದು ದಿನ ಗಂಟಿನ ಬದಲು ಅಕ್ಕನೇ ಬಸ್ಸಿಳಿದು ಬಂದಳು. ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದಿದ್ದಳು, ಮಲಗಿದ ಕೂಸನ್ನು ಹಿಡಿದಂತೆ.

"ರಟ್ಟಿ ಹಿಡದೈತ್ರಿ ಸಾವ್ಕಾರ್ರ. ಬಡ್ಯಾಕತ್ರ ಇಲ್ಲಿಂದ ಇಲ್ಲೀತನಕ ಚಳಕ್ ಅಂತೈತಿ. ರಾತ್ರಿ ಮಗ್ಗಲಾಗಾಕ ಬರವಲ್ದು," ಅಂದು ಚೀಟಿ ಮುಂದಿಟ್ಟಳು.

ಡಾಕ್ಟರು ಎರಡು ಸಾಲು ಬರೆದಿದ್ದರು. ಒಂದು, ಕರೆಂಟ್ ಡಬ್ಬಿಯನ್ನು ದಿನಕ್ಕೆ ಎರಡು ಹೊತ್ತು ಹಚ್ಚಿಕೊಳ್ಳಬೇಕು. ಇನ್ನೊಂದು, ಎರಡು ತಿಂಗಳು ರೊಟ್ಟಿ ಬಡಿಯಬಾರದು, ಕೈಗೆ ವಿಶ್ರಾಂತಿ ಕೊಡಬೇಕು.

"ಮ್ಯಾಲಿನ ಸಾಲಿಂದಷ್ಟ ಕೊಡ್ರಿ," ಅಂದಳು. "ಕೆಳಗಿಂದು ಬ್ಯಾಡ."

"ಕೆಳಗಿಂದು ನನ್ನ ಅಂಗಡ್ಯಾಗ ಸಿಗಂಗಿಲ್ಲ ಅಕ್ಕ. ಅದನ್ನ ನೀವು ಮನ್ಯಾಗ ಮಾಡಬೇಕು."

"ಮನ್ಯಾಗ ಎಲ್ಲಿ ಸಿಗತೈತ್ರಿ? ನಾ ಕುಂತ್ರ ಹತ್ತು ಮಂದಿ ಕರೀತಾರ. ಯವ್ವಾ ಹಿಟ್ಟು, ಯವ್ವಾ ನೀರು, ಯವ್ವಾ ಅಂಗಿ ಎಲ್ಲೈತಿ. ಸೊಸಿ ಬಡೀತಾಳ, ಆದ್ರ ಅಕಿ ರೊಟ್ಟಿ ಅಂಚು ಒಡೀತಾವ, ನಾ ಅಕಿಗೆ ಹಿಟ್ಟು ಮುಟ್ಟಗೊಡಂಗಿಲ್ಲ. ಎದುರ ಓಣ್ಯಾಗ ಒಬ್ಬಾವ ರೊಟ್ಟಿ ಮಷಿನ್ ತಂದ್ ಕುಂದ್ರಿಸ್ಯಾನ. ಎರಡು ತಿಂಗಳು ನಾ ಕೈ ಕಟ್ಟಿ ಕುಂತ್ರ ಗಿರಾಕಿ ಎಲ್ಲಾ ಅವನ ಕಡೆ ಹೋಗಿ ನಿಂದ್ರತಾರ. ಕೈ ಉಳೀತು, ರೊಟ್ಟಿ ಹೋತು ಅಂದ್ರ ಆ ಕೈ ತಗೊಂಡು ಏನ್ ಮಾಡ್ಲಿ?"

ಮಾತು ಖರೆಯೇ. ನನ್ನ ಊಟವೂ ಆ ರಟ್ಟೆಯಲ್ಲೇ ತೂಗುತ್ತಿತ್ತು ಅನ್ನುವುದು ನನಗೆ ಮರೆತಿರಲಿಲ್ಲ. ಬೆಂಚಿನ ಮೇಲೆ ಕೂರಿಸಿದೆ. ಅಂಗಡಿಯ ಕೆಲಸದ ಹೆಣ್ಣುಮಗಳು ಬೆಂಚಿಗೆ ಪರದೆ ಎಳೆದು ಪ್ಯಾಡ್ ಅಂಟಿಸಿ, ಪರದೆ ಸರಿಸಿದಳು. ನಾನು ಮೆಲ್ಲಗೆ ಗುಂಡಿ ತಿರುಗಿಸಿದೆ. ಅಕ್ಕ ಕಣ್ಣು ಮುಚ್ಚಿ, ಗೋಡೆಗೆ ತಲೆ ಆನಿಸಿ ಬಹಳ ಹೊತ್ತು ಕುಳಿತಳು. ಒಳಗೆ ದಬ್, ದಬ್, ದಬ್ ಅಂತ ಒಂದೇ ಸಮ ತಟ್ಟುತ್ತಿರಬೇಕು.

"ಹೆಂಗೈತಿ ಅಕ್ಕ?" ಅಂದೆ.

"ಬಡಿತ ಛಲೋ ಐತ್ರಿ ಇದರದು," ಅಂದಳು ಕಣ್ಣು ತೆರೆಯದೆ. "ಹಿಟ್ಟು ಕೊಟ್ರ ನಮ್ಮ ಸೊಸಿಗಿಂತ ಛಲೋ ರೊಟ್ಟಿ ಮಾಡತಿತ್ತು."

ಕಂಬ ಹತ್ತುವವನು

ಅದೇ ವಾರ, ಅಕ್ಕ ಇನ್ನೊಂದು ಜೋಡಿ ಪ್ಯಾಡ್ ಒಯ್ಯಲು ಬಂದು ಕುಳಿತಿದ್ದಾಗಲೇ ವಿದ್ಯುತ್ ಇಲಾಖೆಯ ಲೈನ್‌ಮನ್ ಒಬ್ಬ ಚೀಟಿ ಹಿಡಿದುಕೊಂಡು ಬಂದ. ಕಟ್ಟುಮಸ್ತಾದ ಆಳು. ವರ್ಷಗಟ್ಟಲೆ ಕಂಬ ಹತ್ತಿ ಇಳಿದು ಟೊಂಕ ಹಿಡಿದಿತ್ತು. ನಾನು ಪ್ಯಾಡ್ ಬಿಚ್ಚಿದೆ.

"ಎಷ್ಟು ವೋಲ್ಟ್ ಇದು?" ಅಂದ.

"ರಿಮೋಟಿನ ಸೆಲ್ ಎರಡದಾವ."

"ಅರ್ಥಿಂಗ್ ಎಲ್ಲಿ ಕೊಟ್ಟೀರಿ?"

"ಇದಕ್ಕ ಅರ್ಥಿಂಗ್ ಬೇಕಾಗಂಗಿಲ್ಲ."

ಅವನ ಮುಖ ನೋಡಿದರೆ ನಾನು ಅವನ ಖಾತೆಗೇ ಅವಮಾನ ಮಾಡಿದಂತಿತ್ತು. ಕೈಯುಂಗುರ ತೆಗೆದ. ಬೆಳ್ಳಿಯ ಉಡದಾರ ಬಿಚ್ಚಿ ಕಿಸೆಗೆ ಹಾಕಿಕೊಂಡ. ವಾಚು, ಮೊಬೈಲು, ಕೀಲಿಗೊಂಚಲು ನನ್ನ ಮೇಜಿನ ಮೇಲೆ ಬಂದವು. ಬೆಂಚು ಕಬ್ಬಿಣದ್ದು ಅಂತ ಗೊತ್ತಾಗಿ, ಮೂಲೆಯಲ್ಲಿದ್ದ ಕಟ್ಟಿಗೆಯ ಸ್ಟೂಲು ಎಳೆದುಕೊಂಡು ಅದರ ಮೇಲೆ ಕುಳಿತು, ಎರಡೂ ಕಾಲು ನೆಲದಿಂದ ಮೇಲೆತ್ತಿಕೊಂಡ. ಆಮೇಲೆ, "ಮುಟ್ಟಿದವ್ರಿಗೆ ಹೊಡಿತತೇನ್ರಿ? ಆ ಅಕ್ಕಾರ್ನ ಆಚಿಗೆ ಸರಿಸ್ರಿ," ಅಂದ.

ಅವನ ಮಾತು ಕೇಳಿ ಅಕ್ಕ ಏನೋ ಯೋಚಿಸಿದವಳಂತೆ ತಲೆ ಹೊರಳಿಸಿದಳು.

"ಮುಟ್ಟಿದವ್ರಿಗೂ ಹೊಡೀತೈತಿ ಅಂತ ಅನಸ್ತೈತೇನು ತಮ್ಮಾ ನಿನಗ?"

"ಯಾರಿಗ್ಗೊತ್ತು ಬೇ. ಕರೆಂಟಿಗೆ ಕಣ್ಣಿಲ್ಲ."

"ಹಾದಿ ತುಂಬ ಕಂಬ ಹತ್ತಾವ ನೀನ. ಅಷ್ಟು ದೊಡ್ಡ ತಂತಿ ಹಿಡೀತಿ. ಈ ಬೆಂಕಿಪೊಟ್ಣದಂಥಾ ಡಬ್ಬಿಗೆ ಹೆದರತಿಯಲ್ಲೋ?"

ಲೈನ್‌ಮನ್ ಬಹಳ ಗಂಭೀರವಾಗಿ ಹೇಳಿದ: "ಕಂಬ ಹತ್ತೋಮುಂದ ನಾವು ಲೈನ್ ಬಂದ್ ಮಾಡಿಸಿ ಹತ್ತತೀವಿ ಬೇ. ಇವ್ರು ನನಗ ಹಚ್ಚಿ ಆಮ್ಯಾಲ ಲೈನ್ ಚಾಲೂ ಮಾಡತೀನಿ ಅಂತಾರ."

ಒಂದು ಮಗ್ಗಲು

ಹದಿನೈದು ದಿನ ಕಳೆದಿರಬೇಕು, ಅಕ್ಕ ಸಿಟ್ಟಿನಲ್ಲಿ ಬಂದಳು. ಡಬ್ಬಿ ಸತ್ತಿದೆಯಂತೆ. ಮೊದಮೊದಲು ರಾತ್ರಿ ನಿದ್ದೆ ಬರುವಷ್ಟು ಆರಾಮಾಗಿತ್ತು, ಈಗ ಜುಮ್ ಅನ್ನುವುದೇ ಇಲ್ಲ. ಮುಂಜಾನೆ ರೊಟ್ಟಿಯನ್ನೂ ಅರ್ಧಕ್ಕೆ ಬಿಟ್ಟಿದ್ದಳಂತೆ, ಕೈ ಏಳಲಿಲ್ಲ.

ಡಬ್ಬಿ ನೋಡಿದೆ. ದೀಪ ಹತ್ತಿತು, ಸರಿಯಾಗೇ ಇತ್ತು. "ಪ್ಯಾಡ್ ಹೆಂಗ ಹಚ್ಚತೀರಿ?" ಅಂದೆ.

"ಮೊದ್ಲ ಎಣ್ಣಿ ಹಚ್ಚಿ ತಿಕ್ಕತೀನಿ. ಆಮ್ಯಾಲ ಪ್ಯಾಡು."

ನಮ್ಮ ಕಡೆ ಎಣ್ಣೆ ಹಚ್ಚದೆ ಯಾವ ನೋವಿಗೂ ಮರ್ಯಾದೆ ಕೊಡುವ ಪದ್ಧತಿ ಇಲ್ಲ. ಎಣ್ಣೆಯ ಮೇಲೆ ಪ್ಯಾಡ್ ಅಂಟುವುದಿಲ್ಲ, ಕರೆಂಟೂ ದಾಟುವುದಿಲ್ಲ ಅಂತ ತಿಳಿಸಿ ಹೇಳಿದೆ.

"ಅಂಟಂಗಿಲ್ಲ ಅಂತ ಗೊತ್ತಾತ್ರಿ. ಅದಕ್ಕ ಸಬಕಾರ ಹಚ್ಚಿ ತೊಳದೆ."

"ಪ್ಯಾಡ್?"

"ಹೂಂ. ತೊಳದು ಮಾಳಗಿ ಮ್ಯಾಲೆ ಖಡಕ್ ರೊಟ್ಟಿ ಒಣಗಾಕ ಹಾಕಿದ್ನಲ್ಲ, ಅದರ ಬಾಜೂಕ ಒಣಗಾಕಿದ್ದೆ."

ನನಗೆ ಮುಂದಿನದನ್ನು ಕೇಳುವ ಧೈರ್ಯವಿರಲಿಲ್ಲ. ಆದರೂ ಕೇಳಿದೆ. ಅಕ್ಕ ಚೀಲದಿಂದ ಪ್ಯಾಡ್ ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕೂ ಸುರುಟಿಕೊಂಡಿದ್ದವು. ಒಂದರ ಮೇಲೆ ಕಂದು ಬಣ್ಣದ ಚುಕ್ಕೆಗಳಿದ್ದವು, ಸುಟ್ಟ ರೊಟ್ಟಿಯ ಮೇಲೆ ಇರುತ್ತವಲ್ಲ, ಅಂಥವೇ.

"ಮುಂಜಾನೆ ತಣ್ಣಗ ಹತ್ತತಾವ್ರಿ ಮೈಗೆ. ಬೆಚ್ಚಗ ಮಾಡಿ ಹಚ್ಚೂಣು ಅಂತ ಹಂಚಿನ ಮ್ಯಾಲೆ ಒಂದ್ ಚೂರು ಕಾಸಿದೆ."

"ಅಕ್ಕ, ಇವನ್ನ ಕಂಪನಿಗೆ ಕಳಿಸಿ ಬದಲಿ ಕೇಳಬೇಕಂದ್ರ ಏನಾಗೈತಿ ಅಂತ ಬರೀಬೇಕು. ಏನಂತ ಬರೀಲಿ?"

ಅಕ್ಕ ಪ್ಯಾಡನ್ನು ಕೈಗೆ ತೆಗೆದುಕೊಂಡು, ಕಸುಬುದಾರಳ ಕಣ್ಣಿನಿಂದ ಹಿಂದೆ ಮುಂದೆ ನೋಡಿದಳು.

"ಒಂದು ಮಗ್ಗಲು ಭಾಳ ಬೆಂದೈತಿ ಅಂತ ಬರೀರಿ," ಅಂದಳು.

ಹೊಸ ಪ್ಯಾಡ್ ಕೊಟ್ಟೆ. ಕೊಡುವಾಗ, "ಅಕ್ಕ, ಇದು ನೋವು ತಡೀತೈತಿ ಅಷ್ಟ. ಕೈ ಸುಮ್ಮನಿದ್ರ ಮಾತ್ರ ಕೈ ಸುಧಾರಿಸೋದು. ಕೆಳಗಿನ ಸಾಲೂ ಓದ್ರಿ," ಅಂದೆ. ಅವಳು ಸೆರಗು ಹೊದ್ದು ಬಸ್ಸು ಹತ್ತಿದಳು. ಮರುದಿನದಿಂದ ರೊಟ್ಟಿಯ ಗಂಟು ಬರುವುದು ನಿಂತಿತು.

ನಿಂತ ಹಾಕ್ರಿ

ಗಂಟು ನಿಂತ ಮೇಲೆ ನಾನು ಮಷಿನ್ ರೊಟ್ಟಿಗೆ ಬಂದೆ. ನೋಡಲು ಎಲ್ಲ ಒಂದೇ ಅಳತೆ, ಒಂದೇ ದಪ್ಪ, ಲೆಕ್ಕಕ್ಕೆ ಏನೂ ಮೋಸವಿಲ್ಲ. ಬಾಯಿಗೆ ಹಾಕಿದರೆ ಮಾತ್ರ ಚೀಟಿ ಅಂಟಿಸುವ ರಟ್ಟು ನೆನಪಾಗುತ್ತಿತ್ತು.

ಅದೇ ದಿನಗಳಲ್ಲಿ ಕುಷ್ಟಗಿ ಕಡೆಯ ರೈತನೊಬ್ಬ ಫೋನು ಮಾಡಿದ. ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ.

"ಹೆಗಲು ಭಾಳ ಬ್ಯಾನಿ ಆಗೈತ್ರಿ, ಬಾವು ಬಂದೈತಿ. ಕರೆಂಟ್ ಡಬ್ಬಿ ಹಚ್ಚಿದ್ರ ಕಡಿಮಿ ಆಕ್ಕೈತಿ ಅಂದ್ರು. ಒಂದು ಬಸ್ಸಿಗೆ ಹಾಕಿ ಕಳಸ್ರಿ."

"ಹಂಗ ಕಳಸಂಗಿಲ್ಲ. ಡಾಕ್ಟರ ಚೀಟಿ ಬೇಕು. ಬ್ಯಾನಿ ಇದ್ದವ್ರನ್ನ ಕರಕೊಂಡು ಬಂದು ಇಲ್ಲೇ ಹಚ್ಚಿ ನೋಡಬೇಕು."

"ಕರಕೊಂಡ ಬರಬೇಕೇನ್ರಿ? ಭಾಳ ತ್ರಾಸ ಆಕ್ಕೈತಲ್ರಿ."

"ಎಷ್ಟ ತ್ರಾಸಾದ್ರೂ ಕರಕೊಂಡ ಬರಬೇಕು. ನೇಮ ಅಂದ್ರ ನೇಮ."

"ಹಂಗಾದ್ರ ಗಾಡಿ ಮಾಡಿಸ್ಕೊಂಡು ಬರತೀನ್ರಿ," ಅಂದ. ಪಾಪ, ಮನೆಯ ಹಿರಿಯರಿಗೆ ನಡೆಯಲೂ ಆಗುವುದಿಲ್ಲವೇನೋ ಅಂದುಕೊಂಡೆ.

ಮರುದಿನ ಮಧ್ಯಾಹ್ನ ನಾನು ಬೆಂಚಿನ ತುದಿಯಲ್ಲಿ ರೊಟ್ಟಿಯ ಪೊಟ್ಟಣ ಬಿಚ್ಚುವ ಹೊತ್ತಿಗೆ ಅಂಗಡಿಯ ಮುಂದೆ ಸರಕಿನ ಟೆಂಪೋ ನಿಂತಿತು. ಹಿಂದಿನ ಹಲಗೆ ಇಳಿಸಿದರು. ಎತ್ತರದ ಬಿಳಿಯ ಎತ್ತೊಂದು ಬಹಳ ಸಾವಕಾಶವಾಗಿ ಕೆಳಗಿಳಿದು, ಅಂಗಡಿಯ ಮೆಟ್ಟಿಲಿನ ಮುಂದೆ ನಿಂತು ನನ್ನ ಬೋರ್ಡು ನೋಡಿತು. ಹಿಂದಿನಿಂದ ರೈತ ಬಂದು ಪಶು ವೈದ್ಯರ ಚೀಟಿ ಕೈಗಿಟ್ಟ. ಅದರಲ್ಲಿ ಹೆಗಲಿಗೆ ಹಚ್ಚುವ ಮುಲಾಮು ಬರೆದಿತ್ತೇ ಹೊರತು ಡಬ್ಬಿಯ ಮಾತಿರಲಿಲ್ಲ.

"ಎತ್ತು ಅಂತ ಹೇಳಬಾರದೇನಪಾ ಫೋನಿನ್ಯಾಗ?"

"ನೀವು ಕೇಳಲಿಲ್ಲಲ್ರಿ. ಬ್ಯಾನಿ ಇದ್ದವ್ರನ್ನ ಕರಕೊಂಡ ಬಾ ಅಂದ್ರಿ, ಕರಕೊಂಡ ಬಂದೀನಿ. ಎಲ್ಲಾ ನಿಮ್ಮ ನೇಮದ ಪ್ರಕಾರ ಆಗೈತಿ. ಆ ಬೆಂಚಿನ ಮ್ಯಾಲೆ ಕುಂದ್ರಸ್ರಿ ಅಂದ್ರ ಅದೊಂದು ಆಗಂಗಿಲ್ಲ. ನಿಂತ ಹಾಕ್ರಿ."

ಇದು ಮನುಷ್ಯರ ಅಳತೆಯ ಮಷಿನ್, ಎತ್ತಿಗೆ ಹಾಕುವಂತಿಲ್ಲ, ಚೀಟಿಯಲ್ಲಿ ಬರೆದ ಮುಲಾಮು ಹಚ್ಚಿ ಕೆಲವು ದಿನ ನೊಗ ಹೂಡಬೇಡ ಅಂತ ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಎತ್ತು ಕತ್ತು ಚಾಚಿ ಬೆಂಚಿನ ಮೇಲಿನ ನನ್ನ ಪೊಟ್ಟಣಕ್ಕೆ ಮೂತಿ ಹಚ್ಚಿತ್ತು. ಒಂದು ಸಲ ಮೂಸಿತು. ಎರಡನೆಯ ಸಲ ಮೂಸಿತು. ಆಮೇಲೆ ಮುಖ ತಿರುಗಿಸಿ ದೂರ ನಿಂತುಕೊಂಡಿತು.

"ತಿನ್ನಂಗಿಲ್ರಿ ಅದು," ಅಂದ ರೈತ, ನನ್ನ ಬಗ್ಗೆ ಮರುಕಪಟ್ಟು. "ನಮ್ಮನ್ಯಾಗ ಕೈಲೆ ಬಡದ ರೊಟ್ಟಿ ಹಾಕಿ ರೂಢಿ ಮಾಡೀವಿ."

ಬೀಗರ ಕೈ

ಗಂಗಾವತಿಯ ನಮ್ಮ ಬೀಗರದು ಅಕ್ಕಿಯ ವ್ಯಾಪಾರ. ನನ್ನ ಮಗಳನ್ನು ಕೊಟ್ಟ ಮನೆ, ಹಾಗಾಗಿ ಅವರು ಏನು ಮಾಡಿದರೂ ನಾನು "ಹೌದ್ರಿ ಬೀಗರ" ಅನ್ನಬೇಕು. ಅಕ್ಕಿಯ ಸ್ಯಾಂಪಲ್ ತೆಗೆಯಲು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಚುಚ್ಚಿ ಅವರ ಮುಂಗೈ ಹಿಡಿದಿತ್ತು. ಕೊಪ್ಪಳಕ್ಕೆ ಕೋರ್ಟಿನ ಕೆಲಸಕ್ಕೆ ಬಂದವರು ಚೀಟಿ ಸಹಿತ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕೂರಿಸಿ, ಪ್ಯಾಡ್ ಅಂಟಿಸಿ, ಎರಡನೆಯ ಅಂಕಿಗೆ ಗುಂಡಿ ಇಟ್ಟೆ.

"ಇದರಾಗ ಹತ್ತರ ತನಕ ಐತಲ್ರಿ," ಅಂದರು.

"ಐತ್ರಿ ಬೀಗರ. ಆದ್ರ ನಿಮಗ ಎರಡು ಸಾಕು. ಜುಮ್ ಅಂದ್ರ ಆತು."

"ಎರಡು ಸಾಕಿದ್ರ ಕಂಪನಿಯವ್ರು ಹತ್ತು ಯಾಕ ಬರೀತಿದ್ರು?"

ಅಷ್ಟರಲ್ಲಿ ಗಿರಾಕಿ ಬಂದ, ನಾನು ಆ ಕಡೆ ತಿರುಗಿದೆ. ತಿರುಗಿದ್ದೇ ತಡ, ಬೀಗರು ಗುಂಡಿಯನ್ನು ಮುಗಿಯುವವರೆಗೆ ತಿರುಗಿಸಿಬಿಟ್ಟರು. ಅವರ ಬಲಗೈ ತಾನಾಗಿ ಎದ್ದಿತು. ಬಿತ್ತು. ಮತ್ತೆ ಎದ್ದಿತು. ಒಮ್ಮೆ ಪಂಜ ಬಿಚ್ಚಿಕೊಂಡು, ಒಮ್ಮೆ ಮುಚ್ಚಿಕೊಂಡು, ಯಾರನ್ನೋ ಹತ್ತಿರ ಬಾ ಬಾ ಅನ್ನುವಂತೆ ಒಂದೇ ಸಮ ಆಡತೊಡಗಿತು. ಬೀಗರಿಗೆ ಕೂಗಲು ಮರ್ಯಾದೆ ಅಡ್ಡ ಬಂತು. ಮುಖದಲ್ಲಿ ಏನೂ ಆಗದವರಂತೆ ಕುಳಿತು, ಎಡಗೈಯಿಂದ ಬಲಗೈಯನ್ನು ಹಿಡಿಯಲು ನೋಡುತ್ತಿದ್ದರು.

ಆ ಹೊತ್ತಿಗೆ ನಿಲ್ದಾಣದಿಂದ ಹೊರಟ ಬಸ್ಸೊಂದು ಅಂಗಡಿಯ ಮುಂದೆ ಬಂದು ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲು ತೆಗೆದು ಕೂಗಿದ: "ಎಷ್ಟ್ ಕೈ ಮಾಡತೀರಿ ಸಾಹೇಬ್ರ, ನಿಂತೀವಲ್ಲ. ಬರ್ರಿ, ಗಂಗಾವತಿ, ಗಂಗಾವತಿ."

ನಾನು ಓಡಿ ಬಂದು ಡಬ್ಬಿ ಬಂದ್ ಮಾಡಿದೆ, ಪ್ಯಾಡ್ ಬಿಡಿಸಿದೆ. ಬೀಗರು ಶಾಂತವಾಗಿ ಎದ್ದರು. ತೋಳು ಇಳಿಸಿಕೊಂಡರು, ಟೋಪಿ ಸರಿ ಮಾಡಿಕೊಂಡರು, ಚೀಲ ಹಿಡಿದುಕೊಂಡರು.

"ಒಂದು ಕಟ್ಟಿಸಿ ಇಡ್ರಿ ಬೀಗರ, ಮಗನ್ನ ಕಳಸತೀನಿ," ಅಂದರು ಬಸ್ಸು ಹತ್ತುತ್ತ. "ಬ್ಯಾನಿದು ಇನ್ನ ಗೊತ್ತಿಲ್ಲ, ಖರೆ ನಮ್ಮ ಊರಾಗ ನಾ ಕೈ ಮಾಡಿದ್ರ ಇಷ್ಟು ಲಗೂ ಯಾವ ಬಸ್ಸೂ ನಿಂತಿಲ್ಲ."

ದೀಪ ಹತ್ತದ ಡಬ್ಬಿ

ಇಷ್ಟೆಲ್ಲ ಆಗುವಷ್ಟರಲ್ಲಿ ಒಂದು ಬೆಳಿಗ್ಗೆ, ಯಾವ ಸೂಚನೆಯೂ ಇಲ್ಲದೆ, ಬಸ್ಸಿನ ಡ್ರೈವರ್ ಹಳೆಯ ಗಂಟು ತಂದು ಮೇಜಿನ ಮೇಲಿಟ್ಟ. ಬಿಚ್ಚಿ ನೋಡಿದೆ. ಕೈಯಿಂದ ಬಡಿದ ರೊಟ್ಟಿಯೇ. ತೆಳ್ಳಗಿದ್ದವು, ಮೆತ್ತಗಿದ್ದವು. ಆದರೆ ಒಂದೆರಡರ ಅಂಚು ಒಡೆದಿತ್ತು. ರೊಟ್ಟಿ ಅಕ್ಕನ ಕೈಯಲ್ಲಿ ಅಂಚು ಒಡೆಯುವುದು ಅಂದರೆ ನನ್ನ ಗಲ್ಲಾದಿಂದ ಚಿಲ್ಲರೆ ಹೆಚ್ಚು ಹೋದಂತೆ, ಆಗುವ ಮಾತಲ್ಲ. ನೋವಿಟ್ಟುಕೊಂಡೇ ಬಡಿಯುತ್ತಿದ್ದಾಳೆ, ಇನ್ನು ಆ ರಟ್ಟೆ ಪೂರಾ ಹೋಗುತ್ತದೆ ಅನ್ನಿಸಿತು. ಯಲಬುರ್ಗಾಕ್ಕೆ ವಾಕರ್ ಮುಟ್ಟಿಸುವುದಿತ್ತು. ದಾರಿಯಲ್ಲಿ ಕುಕನೂರಿನಲ್ಲಿ ಇಳಿದೆ.

ಅವರ ಓಣಿಗೆ ತಿರುಗುವಾಗಲೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಬಾಗಿಲಲ್ಲಿ ಅಕ್ಕನ ಮಗ ನಿಂತಿದ್ದ, ಕಾಲಿಗೆ ದಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡು. ಮನೆಯೊಳಗೆ ಚಪ್ಪಲಿ ಯಾಕೆ ಅಂತ ನಾನು ನೋಡಿದ್ದಕ್ಕೆ, "ಅವ್ವ ಕರೆಂಟಿನ್ಯಾಗ ಅದಾಳ್ರಿ," ಅಂದ ತಗ್ಗಿದ ದನಿಯಲ್ಲಿ. "ಹೊಸ್ತಿಲ ದಾಟಬ್ಯಾಡ್ರಿ. ಮುಟ್ಟಿದವ್ರಿಗೂ ಹೊಡೀತೈತಂತ. ಲೈನ್‌ಮನ್ ಹೇಳ್ಯಾನಂತ."

ನಾನು ಮಾರಿದ ಡಬ್ಬಿ ಅದು, ಹೊಸ್ತಿಲು ದಾಟಿದೆ. ಪಡಸಾಲೆಯಲ್ಲಿ ಗಾದಿಯ ಮೇಲೆ, ಲೋಡಿಗೆ ಆನಿಸಿಕೊಂಡು ರೊಟ್ಟಿ ಅಕ್ಕ ಕುಳಿತಿದ್ದಳು. ಬಲ ರಟ್ಟೆಯಿಂದ ತಂತಿ ಇಳಿದು ತೊಡೆಯ ಮೇಲಿನ ಡಬ್ಬಿಗೆ ಸೇರಿತ್ತು. ಎದುರಿಗೆ ಟಿವಿಯಲ್ಲಿ ಧಾರಾವಾಹಿ ನಡೆದಿತ್ತು. ಸುತ್ತ ಒಂದು ಮಾರು ಜಾಗ ಖಾಲಿ. ಬಡಿಯುವ ಸದ್ದು ಬರುತ್ತಿದ್ದದ್ದು ಒಳಗಿನಿಂದ.

"ಯಾರು ಬಡ್ಯಾಕತ್ತಾರ ಅಕ್ಕ?"

"ಸೊಸಿ," ಅಂದಳು. "ಕರೆಂಟಿನ್ಯಾಗ ಇದ್ದಾಕಿ ಎದ್ದು ಹೋಗಿ ಬೈಯಾಕ ಬರಂಗಿಲ್ಲಲ್ರಿ. ಕುಂತಲ್ಲಿಂದ ಹೇಳಿದೆ, ಹಿಟ್ಟು ಹಿಂಗ ನಾದು, ಹಿಂಗ ಹೊಳ್ಳಿಸು ಅಂತ. ಅಂಚು ಒಡೀತಾವ ಇನ್ನ. ಮೊದಲಿಗಿಂತ ಕಡಿಮಿ. ಗಿರಾಕಿ ಯಾರೂ ಮಷಿನ್ ಕಡೆ ನಿಂತಿಲ್ಲ, ಹೋದಾವ್ರೂ ತಿರುಗಿ ಬಂದಾರ."

"ರಟ್ಟಿ ಹೆಂಗೈತಿ?"

ಅಕ್ಕ ಬಲಗೈಯನ್ನು ನಿಧಾನ ತಲೆಯವರೆಗೆ ಎತ್ತಿ, ತುರುಬು ಮುಟ್ಟಿ, ಕೆಳಗಿಳಿಸಿದಳು. ಎಡಗೈಯ ಸಹಾಯ ಬೇಕಾಗಲಿಲ್ಲ. ಡಾಕ್ಟರು ಈಗ ಹಗುರ ಹಗುರ ಕಸರತ್ತು ಹೇಳಿದ್ದಾರಂತೆ. ನನಗೆ ಸಮಾಧಾನವಾಯಿತು. ಆಮೇಲೆ ವ್ಯಾಪಾರಿಯ ಕಣ್ಣು ಡಬ್ಬಿಯ ಮೇಲೆ ಹೋಯಿತು. ದೀಪ ಹತ್ತಿರಲಿಲ್ಲ.

ಅಷ್ಟರಲ್ಲಿ ಸೊಸೆ ಚಹಾ ತಂದಳು. ಕಟ್ಟಿಗೆಯ ಮಣೆಯ ಮೇಲೆ ಎರಡು ಕಪ್ಪು ಇಟ್ಟು, ದೂರದಲ್ಲೇ ನಿಂತು, ಲಟ್ಟಣಿಗೆಯಿಂದ ಮಣೆಯನ್ನು ಅತ್ತೆಯ ಕಡೆಗೆ ಮೆಲ್ಲಗೆ ತಳ್ಳಿದಳು. ಒಂದು ಹನಿ ಚೆಲ್ಲಲಿಲ್ಲ. ರೂಢಿ ಇದ್ದಂತಿತ್ತು. ತಳ್ಳಿ ಒಳಗೆ ಹೋದಳು.

"ಅಕ್ಕ, ಮುಟ್ಟಿದ್ರ ಯಾರಿಗೂ ಏನೂ ಆಗಂಗಿಲ್ಲ ಇದು. ಮಗಗ ಹೇಳತೀನಿ..."

"ಸುಮ್ಮನ ಕುಂದ್ರರಿ ಸಾವ್ಕಾರ್ರ," ಅಂದಳು ಅಕ್ಕ. ದನಿ ಎತ್ತರಿಸಲಿಲ್ಲ, ಆದರೆ ನಾನು ಕುಳಿತೆ.

"ದೀಪ ಹತ್ತಿಲ್ಲಲ್ಲ ಮತ್ತ? ಸೆಲ್ ತೀರಿರಬೇಕು." ಡಬ್ಬಿ ತೆಗೆದುಕೊಂಡು ಹಿಂದಿನ ಮುಚ್ಚಳ ಸರಿಸಿದೆ. ಒಳಗೆ ಸೆಲ್ಲೇ ಇರಲಿಲ್ಲ.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ಲೋಡಿನ ಕೆಳಗಿನಿಂದ ರಿಮೋಟ್ ತೆಗೆದು ಟಿವಿಯ ಸದ್ದು ಸ್ವಲ್ಪ ಏರಿಸಿದಳು. ರಿಮೋಟು ಬಹಳ ಚೆನ್ನಾಗಿ ಕೆಲಸ ಮಾಡಿತು.

"ಬ್ಯಾನಿ ಇದ್ದಾಗ ನಿಮ್ಮ ಡಬ್ಬಿ ಭಾಳ ಉಪಕಾರ ಮಾಡೇತ್ರಿ, ಸುಳ್ಳ್ಯಾಕ ಹೇಳಲಿ," ಅಂದಳು. "ಬ್ಯಾನಿ ಕಡಿಮಿ ಆದ್ಮ್ಯಾಲ ಶೆಲ್ಲು ಅದಕ್ಕ್ಯಾಕ ದಂಡ ಅಂತ ಇದಕ್ಕ ಹಾಕೀನಿ. ತಂತಿ ಮೈಮ್ಯಾಲಿದ್ರ ಯಾರೂ ಹಿಟ್ಟು, ನೀರು, ಅಂಗಿ ಅಂತ ಕರ್ಯಾಕ ಬರಂಗಿಲ್ಲ. ಕೆಳಗಿನ ಸಾಲು ನಿಮ್ಮ ಅಂಗಡ್ಯಾಗ ಸಿಗಂಗಿಲ್ಲ ಅಂದಿದ್ರಲ್ಲ, ಇದರಾಗ ಕೂಡೇ ಬಂದಿತ್ತು, ನಿಮಗ ಗೊತ್ತಿದ್ದಿಲ್ಲ."

ನಾನು ಮುಚ್ಚಳ ಹಾಕಿ ಡಬ್ಬಿಯನ್ನು ಮತ್ತೆ ತೊಡೆಯ ಮೇಲಿಟ್ಟೆ. ಮಾರಿದ ಮಾಲು ಗಿರಾಕಿಗೆ ಉಪಯೋಗಕ್ಕೆ ಬಂದರೆ ಆಯಿತು, ಹೇಗೆ ಬಂತು ಅಂತ ಕೇಳುವುದು ನನ್ನ ದಂಧೆಯಲ್ಲ.

ಹೊರಗೆ ಬಂದೆ. ಮಗನಿಗೆ ಏನೂ ಹೇಳಲಿಲ್ಲ. ಓಣಿಯ ತಿರುವಿನವರೆಗೆ ಬಂದಿರಬೇಕು, ಹಿಂದಿನಿಂದ ಸೊಸೆ ಹಿಟ್ಟಿನ ಕೈಯಲ್ಲೇ ಬಂದು ತಡೆದಳು.

"ಕಾಕಾರ, ನನಗೂ ಒಂದು ಡಬ್ಬಿ ಕೊಡ್ರಿ. ಬಡದ ಬಡದ ನನ್ನ ರಟ್ಟೀನೂ ಹಿಡ್ಯಾಕತ್ತೈತಿ."

"ಡಾಕ್ಟರ ಚೀಟಿ ಬೇಕವ್ವಾ. ಬೆಂಚಿನ ಮ್ಯಾಲೆ ಕುಂತು ಹಚ್ಚಿ ನೋಡಬೇಕು."

"ಚೀಟಿ ತರತೀನ್ರಿ, ಕುಂದ್ರತೀನ್ರಿ," ಅಂದಳು. ಆಮೇಲೆ ಮನೆಯ ಕಡೆ ತಿರುಗಿ ನೋಡಿ, ದನಿ ತಗ್ಗಿಸಿದಳು. "ಶೆಲ್ಲು ಮಾತ್ರ ಹಾಕಬ್ಯಾಡ್ರಿ. ನಮ್ಮನ್ಯಾಗ ರಿಮೋಟ್ ಇರೋದು ಒಂದ."